ಕಾಗಿಣಾ ಸೀಮೆಯೂ ಎರಕದ ದೇವತಾಮೂರ್ತಿಗಳೂ

ಕಾಗಿಣಾ ನದಿಯು ಸೇಡಂ, ಮಳಖೇಡ, ಚಿತ್ತಾಪುರ, ಶಹಾಬಾದಗಳ ನೆಲವನ್ನು ತೋಯಿಸಿ ಭೀಮೆಯನ್ನು ಕೂಡಿಕೊಳ್ಳುವ ತನಕ ಕಲ್ಲಿನ ನಾಡಿನಲ್ಲಿಯೇ ಹರಿಯುತ್ತದೆ. ಇಲ್ಲಿಯ ಬಡವನ ಮನೆಗೂ ನೆಲಕ್ಕೆ ಹಾಸುವುದು ಪರಸಿ, ಮೇಲೆ ಹೊದಿಸುವುದು ಪರಸಿ. ಚಿಂಚೋಳಿಯ ಕಡೆಗೆ ನಡೆದರೆ ಕರಿಯ ಕಲ್ಲೂ ಕೆಂಪು ಜಂಬಿಟ್ಟಿಗೆಯೂ ದೊರೆಯುತ್ತವೆ. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ರೈಲುದಾರಿಯು ತೆರೆದ ಬಳಿಕ ಶಹಾಬಾದದ ಪರಸಿಯು ದೂರದೂರದ ಪಟ್ಟಣಗಳ ಅಂಗಳಗಳನ್ನೂ ಸೇರಿತು. ಇಂತಹ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಕಲ್ಲನ್ನೇ ಓದಿ ಕಲ್ಲನ್ನೇ ಬರೆದಿರುವುದು ಸಹಜವಾಗಿದೆ. ಶಾಸನ ಕಲ್ಲು, ದೇವಾಲಯ ಕಲ್ಲು, ಮೂರ್ತಿ ಕಲ್ಲು. ಆದರೆ ಇದೇ ಸೀಮೆಯಲ್ಲಿ ಲೋಹದ ದೇವತೆಗಳೂ ಇದ್ದುವು. ಮೇಣದಿಂದ ಹುಟ್ಟಿ, ಬೆಂಕಿಯಲ್ಲಿ ಬೆಳೆದು, ಪಲ್ಲಕ್ಕಿಯಲ್ಲಿ ಬೀದಿಗೆ ಬರುತ್ತಿದ್ದ ಆ ಮೂರ್ತಿಗಳಲ್ಲಿ ಉಳಿದವು ಅತ್ಯಲ್ಪ. ಅವುಗಳ ಕಥೆಯನ್ನು ಹೇಳುವವರೂ ಅಲ್ಪರೇ.

ಈ ಕೊರತೆಯು ಆಶ್ಚರ್ಯಕರವಾದುದು. ಏಕೆಂದರೆ ಲೋಹಮೂರ್ತಿಯನ್ನು ಎರಕ ಹೊಯ್ಯುವ ಕ್ರಮವನ್ನು ಮೊದಲಿನಿಂದ ಕೊನೆಯ ವರೆಗೆ ಬಿಡಿಸಿ ಹೇಳಿರುವ ಸಂಸ್ಕೃತಗ್ರಂಥಗಳು ಬಹಳವಿಲ್ಲ. ಇರುವವುಗಳಲ್ಲಿ ಶ್ರೇಷ್ಠವೆನ್ನಬಹುದಾದುದು ಈ ನಾಡಿನಲ್ಲಿಯೇ ಹುಟ್ಟಿದುದು. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು (1126-1138) ಸುಮಾರು ಕ್ರಿ. ಶ. 1131ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೇ ಆ ಗ್ರಂಥ. ‘ಅಭಿಲಷಿತಾರ್ಥಚಿಂತಾಮಣಿ’ಯೆಂಬುದು ಅದರ ಇನ್ನೊಂದು ಹೆಸರು. ಚಿಂಚೋಳಿಯಿಂದ ವಾಯವ್ಯಕ್ಕೆ ಎರಡು ಮೂರು ದಿನ ಕಾಲ್ನಡಿಗೆಯಲ್ಲಿ ಸಾಗಿದರೆ ಕಲ್ಯಾಣ ಬರುತ್ತದೆ. ಅರಸನು ತಾನೇ ಲೇಖನಿ ಹಿಡಿದು ಮೇಣದ ತೂಕವೆಷ್ಟು, ತಾಮ್ರದ ತೂಕವೆಷ್ಟು ಎಂದು ಬರೆದಿಟ್ಟ ಕಾಲದಲ್ಲಿ, ಅವನ ರಾಜಧಾನಿಯ ಸುತ್ತಮುತ್ತ ಕುಲುಮೆಗಳು ಉರಿಯುತ್ತಿರಲಿಲ್ಲವೆಂದು ಭಾವಿಸುವುದು ಯುಕ್ತವಲ್ಲ.

ಆ ಕಾಲದಲ್ಲಿ ಈ ಊರುಗಳ ಸ್ಥಿತಿಯು ಇಂದಿನಂತಿರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ (814-878) ರಾಜಧಾನಿ. ‘ಕವಿರಾಜಮಾರ್ಗ’ವು ಬೆಳಕು ಕಂಡ ಆಸ್ಥಾನದ ನೆಲೆ. ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯು ಆಹವಮಲ್ಲ ಸೋಮೇಶ್ವರನ ಕಾಲದಲ್ಲಿ ಘಟಿಕಾಸ್ಥಾನವಾಗಿತ್ತು. ಅಲ್ಲಿಯ 1058ರ ಶಾಸನದಿಂದ ದಂಡನಾಯಕ ಮಧುಸೂದನನು ತ್ರೈಪುರುಷ ದೇವಾಲಯವನ್ನು ಕಟ್ಟಿಸಿ, ವೇದಶಾಸ್ತ್ರಗಳನ್ನು ಓದುವ ಸುಮಾರು 250 ಮಂದಿ ವಿದ್ಯಾರ್ಥಿಗಳಿಗೂ ಅವರ ಉಪಾಧ್ಯಾಯರಿಗೂ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀಭಾಂಡಾರಿಗರಿಗೂ ವೃತ್ತಿಯನ್ನು ಕಲ್ಪಿಸಿದನೆಂದು ತಿಳಿದುಬರುತ್ತದೆ. ಸೇಡಂ ಊರಿನ 1124ರ ಶಾಸನವು ಇನ್ನೂ ಕುತೂಹಲಕರವಾದುದು. ನಾರಾಯಣನ ಭಕ್ತರಾದ ಅಲ್ಲಿಯ ಮುನ್ನೂರ್ವರು ಮಹಾಜನರೇ ಕೂಡಿ ಶಾಂತಿನಾಥನಿಗೆ ಬಸದಿಯನ್ನು ಕಟ್ಟಿಸಿ ಅದಕ್ಕೆ ಹೊನ್ನಿನ ಕಳಸವನ್ನಿಟ್ಟರಂತೆ. ವಿಪ್ರರು ಜಿನಾಲಯವನ್ನು ಕಟ್ಟಿಸಿದುದು ಆ ಕಾಲದವರಿಗೆ ವಿಚಿತ್ರವಾಗಿ ತೋರಲಿಲ್ಲ. ಕಳಸವು ಹೊನ್ನಿನದಾದರೂ ಗಿಲೀಟಿನದಾದರೂ ಅದನ್ನು ಮಾಡಿದ ಕೈ ಲೋಹದ ಕೆಲಸವನ್ನು ಬಲ್ಲ ಕೈಯೇ ಆಗಿರಬೇಕು. ಆ ಕೈಯ ಹೆಸರನ್ನು ಮಾತ್ರ ಶಾಸನವು ಹೇಳುವುದಿಲ್ಲ.

ವಿಶ್ವಕರ್ಮನಿಗೆ ಐವರು ಮಕ್ಕಳೆಂದೂ, ಕಬ್ಬಿಣದ ಕೆಲಸಕ್ಕೆ ಮನು, ಮರಕ್ಕೆ ಮಯ, ತಾಮ್ರ ಕಂಚುಗಳಿಗೆ ತ್ವಷ್ಟೃ, ಕಲ್ಲಿಗೆ ಶಿಲ್ಪಿ, ಚಿನ್ನಕ್ಕೆ ವಿಶ್ವಜ್ಞ ಇವರೇ ಮೂಲಪುರುಷರೆಂದೂ ಪಾಂಚಾಳರ ಪರಂಪರೆಯು ಹೇಳುತ್ತದೆ. ಕಂಚುಗಾರನು ಈ ಲೆಕ್ಕದಲ್ಲಿ ತ್ವಷ್ಟೃವಿನ ಮಗ. ಊರವರಿಗೆ ಅವನು ಕೊಡ, ತಂಬಿಗೆ, ತಾಟುಗಳನ್ನು ಮಾಡಿಕೊಡುವವನು. ಕೆಲವು ಕುಲುಮೆಗಳಲ್ಲಿ ಮಾತ್ರ ಅದೇ ಬೆಂಕಿಯಿಂದ ದೇವರೂ ಹೊರಬರುತ್ತಿದ್ದುವು.

ಈಗ ಸೋಮೇಶ್ವರನ ಮಾತಿಗೆ ಬರುವುದು ಒಳ್ಳೆಯದು. ತನ್ನ ಗ್ರಂಥದ ಐದು ವಿಂಶತಿಗಳಲ್ಲಿ ಮೊದಲನೆಯದರಲ್ಲಿ, ಅರಸನಿಗೆ ಇರಬೇಕಾದ ದೇವಭಕ್ತಿಯನ್ನು ಹೇಳುವ ಸಂದರ್ಭದಲ್ಲಿ, ಸುಮಾರು ಇಪ್ಪತ್ತು ಶ್ಲೋಕಗಳಲ್ಲಿ ಅವನು ಎರಕದ ವಿಧಿಯನ್ನು ಹೇಳಿ ಮುಗಿಸುತ್ತಾನೆ. ಮೊದಲು ನವತಾಲಪ್ರಮಾಣದಲ್ಲಿ ಮೇಣದ ಪ್ರತಿಮೆಯನ್ನು ಮಾಡಬೇಕು. ಅದರ ಬೆನ್ನಿನಲ್ಲಿಯೋ ಹೆಗಲಿನಲ್ಲಿಯೋ ಕತ್ತಿನ ಹಿಂಭಾಗದಲ್ಲಿಯೋ ಮುಕುಟದ ಮೇಲೆಯೋ ದತ್ತೂರಿಯ ಹೂವಿನಂತೆ ಬಾಯಿ ಅರಳಿದ ಉದ್ದವಾದ ನಾಳಗಳನ್ನು ಕೂಡಿಸಬೇಕು. ಬಳಿಕ ಮಣ್ಣಿನ ಲೇಪ. ಸುಟ್ಟ ಹೊಟ್ಟಿನ ಮಸಿ, ನೂರು ಸಲ ಕತ್ತರಿಸಿ ನುಣುಪಾಗಿಸಿದ ಹತ್ತಿ, ಸ್ವಲ್ಪ ಉಪ್ಪು ಇವನ್ನು ಮಣ್ಣಿನೊಡನೆ ಕಲ್ಲಿನ ಮೇಲೆ ಅರೆದು ಮೂರು ಸಲ ಬಳಿಯಬೇಕು. ಮೊದಲ ಲೇಪವು ಒಳಗಿನ ಮೇಣವು ಹೊಳೆದು ಕಾಣುವಷ್ಟು ತೆಳ್ಳಗಿರಬೇಕು. ಅದು ನೆರಳಿನಲ್ಲಿ ಒಣಗಬೇಕು. ಎರಡು ದಿನ ಕಳೆದ ಮೇಲೆ ಎರಡನೆಯದು. ಅದೂ ಒಣಗಿದ ಮೇಲೆ ದಪ್ಪವಾದ ಮೂರನೆಯದು. ನಾಳಗಳ ಬಾಯಿಯನ್ನು ಮಾತ್ರ ಮುಚ್ಚಬಾರದು.

ಈ ಪಾಕದಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವುಂಟು. ಹೊಟ್ಟಿನ ಮಸಿಯು ಮಣ್ಣಿನಲ್ಲಿ ಸೂಕ್ಷ್ಮವಾದ ರಂಧ್ರಗಳನ್ನು ಉಳಿಸುವುದರಿಂದ ಕುದಿಯುವ ಲೋಹವು ಒಳಗೆ ಹರಿಯುವಾಗ ಆವಿಯು ಹೊರಗೆ ಹೋಗಲು ಎಡೆಯಾಗುತ್ತದೆ. ಹತ್ತಿಯ ಎಳೆಗಳು ಮಣ್ಣು ಬಿರಿಯದಂತೆ ಹಿಡಿದಿಡುತ್ತವೆ. ಮೊದಲ ಲೇಪದ ತೆಳುವೇ ಮೂರ್ತಿಯ ಕಣ್ಣು ಹುಬ್ಬುಗಳ ತೆಳು. ಬೆರಳಿನ ಗೆಣ್ಣು, ಜಡೆಯ ಎಳೆ, ಹಾರದ ಮಣಿ ಇವೆಲ್ಲ ಆ ಒಂದು ಪದರದಲ್ಲಿ ಅಚ್ಚೊತ್ತುತ್ತವೆ. ಬಿಸಿಲಿನಲ್ಲಿ ಒಣಗಿಸಿದರೆ ಮೇಣವು ಮೆತ್ತಗಾಗಿ ದೇವರ ಮುಖವೇ ಸೊಟ್ಟಗಾಗುವ ಭಯ. ಆದುದರಿಂದ ನೆರಳಿನಲ್ಲಿ ಒಣಗಿಸಬೇಕೆಂಬುದು ಬರಿಯ ಮಡಿಯ ಮಾತಲ್ಲ, ಕಸುಬಿನ ಮಾತು.

ಅನಂತರದ ವಿಧಿಯು ತೂಕದ್ದು. ಜಾಣನಾದವನು ಮಣ್ಣು ಮೆತ್ತುವ ಮೊದಲೇ ಮೇಣವನ್ನು ತೂಗಿಡಬೇಕು. ಬೆಳ್ಳಿಯ ಮೂರ್ತಿಯಾದರೆ ಮೇಣದ ಹನ್ನೆರಡು ಮಡಿ, ಚಿನ್ನದ್ದಾದರೆ ಹದಿನಾರು ಮಡಿ ಲೋಹ ಬೇಕು. ತಾಮ್ರ ಹಿತ್ತಾಳೆಗಳಿಗೆ ಎಂಟು ಮಡಿಯೆಂದು ಕೆಲವರೂ ಹತ್ತು ಮಡಿಯೆಂದು ಕೆಲವರೂ ಮೂಲವನ್ನು ಓದಿರುವರು. ಇಂದಿನ ಪದಾರ್ಥವಿಜ್ಞಾನದ ಪ್ರಕಾರ ತಾಮ್ರವು ಮೇಣಕ್ಕಿಂತ ಒಂಬತ್ತು ಮಡಿಗೆ ಸ್ವಲ್ಪ ಹೆಚ್ಚು ಭಾರವಾದುದು. ನಾಳಗಳಲ್ಲಿ ನಿಲ್ಲುವ ಲೋಹವನ್ನೂ ಲೆಕ್ಕಕ್ಕೆ ಹಿಡಿಯಬೇಕಾದುದರಿಂದ ಹತ್ತು ಮಡಿಯೆಂಬ ಪಾಠವೇ ಕುಲುಮೆಗೆ ಹತ್ತಿರವಾದುದೆಂದು ತೋರುತ್ತದೆ. ಚಿನ್ನವಾದರೋ ಮೇಣದ ಇಪ್ಪತ್ತು ಮಡಿ ತೂಗತಕ್ಕದ್ದು; ಹದಿನಾರೇ ಸಾಕೆಂದು ಅರಸನು ಹೇಳಿದುದರಿಂದ, ಅವನ ಭಂಡಾರದ ದೇವತೆಗಳ ಚಿನ್ನದಲ್ಲಿ ಬೇರೆ ಲೋಹವೂ ಬೆರೆಯುತ್ತಿತ್ತೇನೋ ಎಂಬ ಸಂಶಯಕ್ಕೆ ಎಡೆಯುಂಟು. ಅರಸನ ಮೇಲೆ ಈ ಆಕ್ಷೇಪವನ್ನು ಹೊರಿಸುವ ಮೊದಲು ಅಕ್ಕಸಾಲೆಯನ್ನು ಕೇಳಬೇಕು!

ಲೋಹವನ್ನು ತೆಂಗಿನಕಾಯಿಯ ಆಕಾರದ ಮೂಸೆಯಲ್ಲಿ ಇರಿಸಿ ಮಣ್ಣಿನಿಂದ ಸುತ್ತಿ ಕಾಯಿಸಬೇಕು. ಇತ್ತ ಕರುವನ್ನು ಬೆಂಕಿಗೆ ಹಿಡಿದು ಮೇಣವೆಲ್ಲ ಹರಿದುಹೋಗುವಂತೆ ಮಾಡಬೇಕು. ಲೋಹವು ನೀರಾದ ಮೇಲೆ ಕಬ್ಬಿಣದ ಕಡ್ಡಿಯಿಂದ ಮೂಸೆಯ ಮೇಲುಭಾಗವನ್ನು ತೂತು ಮಾಡಿ, ಇಕ್ಕುಳದಿಂದ ಬಿಗಿಯಾಗಿ ಹಿಡಿದು, ಉರಿಯುವ ಬತ್ತಿಯನ್ನು ಬಾಯಿಗಿಟ್ಟು, ಧಾರೆ ಕಡಿಯದಂತೆ ನಾಳದೊಳಗೆ ಹೊಯ್ಯಬೇಕು. ನಾಳವು ಬಾಯಿಮಟ್ಟ ತುಂಬಿದೊಡನೆ ನಿಲ್ಲಿಸಬೇಕು. ಸುತ್ತಲಿನ ಬೆಂಕಿಯನ್ನು ಆರಿಸಿ, ತಾನಾಗಿ ತಣ್ಣಗಾಗಲು ಬಿಟ್ಟು, ಮೆಲ್ಲಗೆ ಮಣ್ಣನ್ನು ಒಡೆಯಬೇಕು. ಆಗ ಮೇಣದಲ್ಲಿದ್ದ ರೂಪವೇ ಲೋಹದಲ್ಲಿ ಕಾಣುತ್ತದೆ. ನಾಳಗಳನ್ನು ಕತ್ತರಿಸಿ, ಕೊರತೆಯಿದ್ದಲ್ಲಿ ತಿದ್ದಿ, ಉಳಿಯಿಂದಲೂ ಅರದಿಂದಲೂ ಒಪ್ಪವಿಟ್ಟರೆ ಕೆಲಸವು ಪೂರ್ಣವಾಯಿತು. ಧಾರೆ ಕಡಿಯಬಾರದೆಂಬ ಈ ಒಂದು ಮಾತನ್ನು ಮೀರಿದರೆ ತಿಂಗಳ ಶ್ರಮವು ಕ್ಷಣದಲ್ಲಿ ಹಾಳು. ಲೋಹವು ನಡುವೆ ತಣಿದಲ್ಲಿ ಮೂರ್ತಿಗೆ ಸೀಳು ಬೀಳುತ್ತದೆ. ಸೀಳಿದ ಮೂರ್ತಿಯು ಪೂಜೆಗೆ ಸಲ್ಲದು.

ಈ ವಿಧಾನಕ್ಕೆ ಶಿಲ್ಪಶಾಸ್ತ್ರದಲ್ಲಿರುವ ಹೆಸರು ‘ಮಧೂಚ್ಛಿಷ್ಟ’. ಮಧುವನ್ನು ತೆಗೆದುಕೊಂಡ ಮೇಲೆ ಉಳಿದ ಉಚ್ಛಿಷ್ಟವೇ ಮೇಣ. ಎಂಜಲೆಂಬ ಅರ್ಥವುಳ್ಳ ಈ ಶಬ್ದವನ್ನು ದೇವಪ್ರತಿಮೆಯ ಹುಟ್ಟಿಗೆ ಇಡಲು ಶಾಸ್ತ್ರಕಾರರು ಹಿಂಜರಿಯಲಿಲ್ಲ. ಎಂಜಲಿನಿಂದ ರೂಪ ಹುಟ್ಟಿತು, ರೂಪವು ಮಣ್ಣಿನಲ್ಲಿ ಅಡಗಿತು, ಎಂಜಲು ಕರಗಿ ಹೋಯಿತು, ಬರಿದಾದ ಎಡೆಯಲ್ಲಿ ಲೋಹವು ನಿಂತಿತು. ಇದಕ್ಕೆ ವೇದಾಂತದ ಅರ್ಥವನ್ನು ಹೇಳುವವರೂ ಇರುವರು. ದೇಹಾಭಿಮಾನವು ಕರಗಿದಲ್ಲಿ ಚೈತನ್ಯವು ತುಂಬುವುದೆಂದು ಅವರ ವ್ಯಾಖ್ಯಾನ. ಅದು ಸೊಗಸಾದುದೇ ಸರಿ. ಆದರೆ ಸೋಮೇಶ್ವರನು ಹಾಗೆ ಹೇಳಿಲ್ಲ. ಪಂಚಲೋಹವೆಂದರೆ ಪಂಚಭೂತಗಳೆಂಬ ಮಾತೂ ಅವನಲ್ಲಿ ಇಲ್ಲ. ಹಿತ್ತಾಳೆ, ತಾಮ್ರ, ಬೆಳ್ಳಿ, ಚಿನ್ನ ಇವುಗಳಲ್ಲಿ ಯಾವುದಾದರೊಂದರಿಂದ ಮಾಡಿಸಬಹುದೆಂದಷ್ಟೇ ಅವನ ಮತ. ಆದರೂ ವ್ಯಾಖ್ಯಾನವಿಲ್ಲದೆಯೇ ಕಣ್ಣಿಗೆ ಕಾಣುವ ಒಂದು ವಿಷಯವುಂಟು. ಮೇಣವು ಕರಗಿತು, ಮಣ್ಣು ಒಡೆಯಿತು. ಅದೇ ಕರುವಿನಿಂದ ಇನ್ನೊಂದು ಮೂರ್ತಿಯು ಹುಟ್ಟಲಾರದು. ಕೈಯಿಂದ ಮಾಡಿದ ಎರಕದ ಮೂರ್ತಿಯು ಲೋಕದಲ್ಲಿ ತನ್ನಂತೆ ತಾನೊಂದೇ. ಪಡಿಯಚ್ಚಿನಿಂದ ಒಂದೇ ಮುಖದ ನೂರಾರು ಮೂರ್ತಿಗಳನ್ನು ತೆಗೆಯುವ ಇಂದಿನ ಕಾರ್ಖಾನೆಯ ಕೆಲಸಕ್ಕೂ ಇದಕ್ಕೂ ಇರುವ ಭೇದವು ಇದೇ.

ನವತಾಲವೆಂಬುದನ್ನು ಸ್ವಲ್ಪ ವಿವರಿಸಬೇಕು. ಮುಖದ ಉದ್ದವು ಒಂದು ತಾಲ. ತಾಲಕ್ಕೆ ಹನ್ನೆರಡು ಅಂಗುಲ. ಒಂಬತ್ತು ತಾಲಕ್ಕೆ 108 ಅಂಗುಲ. ಈ ಅಂಗುಲವು ಶಿಲ್ಪಿಯ ಬೆರಳಿನದಲ್ಲ, ಮೂರ್ತಿಯ ದೇಹದ್ದೇ, ಅದನ್ನು ದೇಹಾಂಗುಲವೆನ್ನುವರು. ಆದುದರಿಂದ ಹೆಬ್ಬೆರಳಿನಷ್ಟು ಎತ್ತರದ ಮನೆದೇವರಿಗೂ ಆಳೆತ್ತರದ ಉತ್ಸವಮೂರ್ತಿಗೂ ಅಂಗುಲಗಳು 108ೇ. ಜಗಲಿಯ ಮೇಲಿನ ಪುಟ್ಟ ಮೂರ್ತಿಯು ಚಿಕ್ಕ ದೇವರಲ್ಲವೆಂದು ಭಕ್ತನು ಭಾವದಿಂದ ಹೇಳುವುದನ್ನು ಶಿಲ್ಪಿಯು ಗಣಿತದಿಂದ ಹೇಳುತ್ತಾನೆ.

ಕಲ್ಲಿನ ಮೂರ್ತಿ ಇದ್ದಲ್ಲಿಯೇ ಇರತಕ್ಕದ್ದು. ವೈಖಾನಸಾಗಮವು ಒಂದೇ ದೇವರಿಗೆ ಐದು ಬೇರಗಳನ್ನು ಹೇಳುತ್ತದೆ: ಧ್ರುವ, ಕೌತುಕ, ಸ್ನಪನ, ಉತ್ಸವ, ಬಲಿ. ಇವುಗಳಲ್ಲಿ ಗರ್ಭಗುಡಿಯಲ್ಲಿ ನೆಲೆನಿಂತ ಧ್ರುವಬೇರವು ಸಾಮಾನ್ಯವಾಗಿ ಕಲ್ಲಿನದು. ನಿತ್ಯಪೂಜೆ, ಅಭಿಷೇಕ, ಮೆರವಣಿಗೆ, ಬಲಿಹರಣಗಳಿಗೆ ಬೇಕಾದವು ಎತ್ತಬಹುದಾದ ಲೋಹದವು. ಎರಕದ ಮೂರ್ತಿಯನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ತಿರುಗಿಸಿದವರಿಗೆ ಈ ಮಾತು ತಕ್ಷಣ ಹೊಳೆಯುತ್ತದೆ. ಗೋಡೆಗೆ ಒರಗಿದ ಕಲ್ಲಿನ ವಿಗ್ರಹದ ಬೆನ್ನನ್ನು ಶಿಲ್ಪಿಯು ಒರಟಾಗಿಯೇ ಬಿಟ್ಟಿರುವುದುಂಟು. ಲೋಹಮೂರ್ತಿಯ ಬೆನ್ನಿನಲ್ಲಿ ಜಡೆಯ ಹೆಣಿಗೆ, ಉಡಿದಾರದ ಗಂಟು, ಶಿರಶ್ಚಕ್ರ ಎಲ್ಲವೂ ಇರುತ್ತವೆ. ಏಕೆಂದರೆ ಅದು ಬೀದಿಯಲ್ಲಿ ಹೋಗುವಾಗ ಹಿಂದೆ ಬರುವವರೂ ಅದನ್ನು ನೋಡುತ್ತಾರೆ. ಪೀಠದ ಬದಿಯಲ್ಲಿರುವ ಬಳೆಗಳೂ ತೂತುಗಳೂ ಅಲಂಕಾರಕ್ಕಾಗಿ ಇರುವುವಲ್ಲ. ದಂಡಿಗೆಗೂ ಪ್ರಭಾವಳಿಗೂ ಬಿಗಿಯುವುದಕ್ಕಾಗಿ. ಗುಡಿಯ ಮೆಟ್ಟಿಲನ್ನು ಏರಲಾರದ ಮುದುಕರಿಗೂ ಹಾಸಿಗೆ ಹಿಡಿದ ರೋಗಿಗಳಿಗೂ, ಹಿಂದಿನ ಕಾಲದಲ್ಲಿ ಒಳಗೆ ಬರಗೊಡದೆ ಹೊರಗೆ ನಿಲ್ಲಿಸಿದ್ದ ಜನಗಳಿಗೂ ದೇವರ ಮುಖವು ಕಂಡುದು ಲೋಹದಲ್ಲಿಯೇ ಹೊರತು ಕಲ್ಲಿನಲ್ಲಲ್ಲ. ಶಾಸ್ತ್ರದಲ್ಲಿ ಈ ಮಾತನ್ನು ಯಾರೂ ಬರೆದಿಟ್ಟಿಲ್ಲವಾದರೂ ಉತ್ಸವಮೂರ್ತಿಯ ಅರ್ಥಗಳಲ್ಲಿ ಇದು ಅಲ್ಪವಾದುದಲ್ಲ.

ಈ ಸೀಮೆಯ ಹಳ್ಳಿಗಳಲ್ಲಿ ಲೋಹದ ದೇವರು ನಡೆಯುವ ಬಗೆಗಳು ಇನ್ನೂ ಹಲವು. ಯಲ್ಲಮ್ಮನ ಮುಖವನ್ನು ಕೊಡದಲ್ಲಿರಿಸಿ ತಲೆಯ ಮೇಲೆ ಹೊತ್ತು ಬರುವರು. ನಾಗಾವಿಯ ಯಲ್ಲಮ್ಮನ ಜಾತ್ರೆಯು ಈ ಸುತ್ತಿನಲ್ಲಿ ಪ್ರಸಿದ್ಧವಾದುದು. ಮೈಲಾರನು ಕುದುರೆಯನ್ನೇರಿ, ಖಡ್ಗವನ್ನು ಹಿಡಿದು, ಮಡದಿಯನ್ನು ಬೆನ್ನ ಹಿಂದೆ ಕೂಡಿಸಿಕೊಂಡು, ನಾಯಿಯೊಡನೆ ಬರುವನು. ಮೊಹರಮ್ಮಿನ ದಿನಗಳಲ್ಲಿ ಪಂಜಾಗಳನ್ನು ಕೂಡಿಸಿ ಎತ್ತುವಾಗ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ಸೇರುವುದನ್ನು ಈ ಊರುಗಳಲ್ಲಿ ಕಾಣದವರಿಲ್ಲ. ಅದೂ ಎತ್ತಿ ತರುವ ಲೋಹವೇ.

ಇವೆಲ್ಲವುಗಳಿಗಿಂತ ಕರ್ನಾಟಕಕ್ಕೆ ವಿಶೇಷವಾದುದೆಂದರೆ ವೀರಭದ್ರನ ಹಲಗೆ. ಪುರವಂತರು ಖಡ್ಗವನ್ನು ಝಳಪಿಸಿ ಒಡಪು ಹೇಳುವಾಗ ನಡುವಿಗೆ ಕಟ್ಟಿಕೊಳ್ಳುವ ಹಿತ್ತಾಳೆಯ ಹಲಗೆಯು ಇದೇ. ಸಾಮಾನ್ಯವಾಗಿ ನಾಲ್ಕು ಕೈಗಳು. ಖಡ್ಗ, ಖೇಟಕ, ಬಿಲ್ಲು, ಬಾಣ. ಕೊರಳಲ್ಲಿ ರುಂಡಮಾಲೆ. ಮೇಲೆ ಪ್ರಭಾವಳಿಯ ಎರಡು ಕಡೆ ಸೂರ್ಯಚಂದ್ರರು. ಎಡಕ್ಕೆ ದೇವಿ. ಬಲಗಾಲ ಬಳಿಯಲ್ಲಿ ಆಡಿನ ತಲೆಯ ದಕ್ಷನು ಕೈಮುಗಿದು ನಿಂತಿರುವನು. ಇಡೀ ಹಲಗೆಯ ಅರ್ಥವು ಈ ಚಿಕ್ಕ ದಕ್ಷನಲ್ಲಿ ಅಡಗಿದೆ. ಯಜ್ಞವನ್ನು ಕೆಡಿಸಿ ತಲೆಯನ್ನು ಕತ್ತರಿಸಿದ ಕಥೆಯನ್ನು ಶಿಲ್ಪಿಯು ಬರೆಯಲಿಲ್ಲ. ಕತ್ತರಿಸಿದ ತಲೆಗೆ ಬದಲಾಗಿ ಆಡಿನ ತಲೆಯನ್ನು ಪಡೆದು, ಅಹಂಕಾರವನ್ನು ಬಿಟ್ಟು, ಮತ್ತೆ ಬದುಕಿ ನಿಂತವನನ್ನು ಬರೆದನು. ಆಯುಧಗಳೆಲ್ಲ ಮೇಲೆ ಎತ್ತಿದ್ದರೂ ಯುದ್ಧವು ಮುಗಿದಿದೆ. ಹಲಗೆಯು ಸವೆದು ದಕ್ಷನ ಕೊಂಬುಗಳು ಅಳಿಸಿಹೋದರೆ ಉಳಿಯುವುದು ಉಗ್ರನಾದ ಒಬ್ಬ ವೀರ ಮಾತ್ರ. ಕ್ಷಮೆಯ ಭಾಗವೇ ಅಳಿಸಿಹೋದಂತೆ.

ವಿಷ್ಣುವಿನ ಮೂರ್ತಿಗಳಲ್ಲಿ ಈ ಸೂಕ್ಷ್ಮವು ಇನ್ನೂ ಹೆಚ್ಚು. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವಾದಿ ಇಪ್ಪತ್ತನಾಲ್ಕು ನಾಮಗಳಿಗೆ ಇಪ್ಪತ್ತನಾಲ್ಕು ಮೂರ್ತಿಗಳುಂಟು. ಮುಖ, ಮುಕುಟ, ನಿಲುವು ಎಲ್ಲವೂ ಒಂದೇ. ಶಂಖ, ಚಕ್ರ, ಗದೆ, ಪದ್ಮಗಳು ನಾಲ್ಕು ಕೈಗಳಲ್ಲಿ ಇರುವ ಕ್ರಮವೊಂದೇ ಬೇರೆ. ನಾಲ್ಕು ವಸ್ತುಗಳನ್ನು ನಾಲ್ಕು ಸ್ಥಾನಗಳಲ್ಲಿ ಇಡುವ ಬಗೆಗಳು ಇಪ್ಪತ್ತನಾಲ್ಕೇ ಎಂಬುದನ್ನು ಗಣಿತ ಬಲ್ಲ ವಾಚಕರು ಕೂಡಲೆ ಕಂಡುಕೊಳ್ಳಬಹುದು. ಕೆಳಗಿನ ಬಲಗೈಯಿಂದ ಪ್ರದಕ್ಷಿಣೆಯಾಗಿ ನೋಡಿದರೆ ಪದ್ಮ, ಶಂಖ, ಚಕ್ರ, ಗದೆ ಇದ್ದರೆ ಕೇಶವ. ಶಂಖ, ಪದ್ಮ, ಗದೆ, ಚಕ್ರ ಇದ್ದರೆ ನಾರಾಯಣ. ಬಲಗೈಯ ಹೂವು ಮುರಿದು, ಶಂಖವು ಸವೆದು ಉಂಡೆಯಾದರೆ ಈ ದೇವರ ಹೆಸರನ್ನು ಹೇಳುವವರಾರು? ಮನೆಯವರು ‘ವಿಷ್ಣು’ ಎನ್ನುವರು; ಅದು ತಪ್ಪಲ್ಲ, ಆದರೆ ಮಾಡಿಸಿದವನು ಸಂಕಲ್ಪಮಾಡಿದ ಹೆಸರು ಅದಲ್ಲ.

ಇಂತಹ ಮೂರ್ತಿಗಳು ಎಲ್ಲಿ ಹೋದುವು? ಮೊದಲನೆಯದಾಗಿ, ರಾಜಧಾನಿಯಾಗಿದ್ದುದೇ ಈ ಸೀಮೆಗೆ ಅಪಾಯವಾಯಿತು. 972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಮುಂದೆ ರಾಜೇಂದ್ರ ಚೋಳನು ತಾನು ಗೆದ್ದ ಊರುಗಳಲ್ಲಿ ‘ಮಣ್ಣೈಕ್ಕಡಕ್ಕ’ವನ್ನೂ ಹೇಳಿಕೊಂಡಿದ್ದು, ಅದು ಮಾನ್ಯಖೇಟವೆಂದೇ ವಿದ್ವಾಂಸರ ಅಭಿಪ್ರಾಯವಾಗಿದೆ. ಅವನ ಮಗ ರಾಜಾಧಿರಾಜನು ಕಲ್ಯಾಣವನ್ನು ಸುಟ್ಟು ಅಲ್ಲಿಂದ ಕಲ್ಲಿನ ದ್ವಾರಪಾಲಕನನ್ನೇ ಹೊತ್ತುಕೊಂಡು ಹೋದನು. ಹಾಗೆಂದು ಪೀಠದ ಮೇಲೆ ಬರೆಯಿಸಿದ ಅಕ್ಷರಗಳೊಡನೆ ಆ ಮೂರ್ತಿಯು ಇಂದು ತಂಜಾವೂರಿನ ಕಲಾಶಾಲೆಯಲ್ಲಿದೆ. ಅಷ್ಟು ಭಾರದ ಕಲ್ಲನ್ನೇ ಕಾವೇರಿಯ ತನಕ ಸಾಗಿಸಿದವರು ಎತ್ತಲು ಹಗುರವೂ ಕರಗಿಸಲು ಸುಲಭವೂ ಆದ ಲೋಹವನ್ನು ಬಿಟ್ಟುಹೋದರೆಂದು ನಂಬುವುದು ಕಷ್ಟ.

ಎರಡನೆಯ ಸಾಕ್ಷಿಯು ಅನಿರೀಕ್ಷಿತವಾದ ಕಡೆಯಿಂದ ಬರುತ್ತದೆ. ಸೋಮೇಶ್ವರನ ಗ್ರಂಥ ಹುಟ್ಟಿ ಮೂವತ್ತು ನಲವತ್ತು ವರ್ಷಗಳೊಳಗೆ ಅದೇ ಕಲ್ಯಾಣದಲ್ಲಿ ಬಸವಣ್ಣನವರು ಬೆಂಕಿಗೆ ಬಾಡುವ, ಕಷ್ಟಕಾಲದಲ್ಲಿ ವಿಕ್ರಯವಾಗುವ, ಶತ್ರುಭಯದಲ್ಲಿ ನೆಲದಡಿ ಸೇರುವ ದೈವಗಳನ್ನು ತಾವು ಒಪ್ಪಲಾರೆವೆಂದು ಹೇಳಿದರು. ಅದು ತತ್ತ್ವದ ಮಾತು. ಆದರೆ ಚರಿತ್ರಕಾರನಿಗೆ ಅದರಲ್ಲಿ ಒಂದು ವಾರ್ತೆಯೂ ದೊರೆಯುತ್ತದೆ: ಹನ್ನೆರಡನೆಯ ಶತಮಾನದಲ್ಲಿ ಈ ನಾಡಿನ ಜನರು ಕಷ್ಟ ಬಂದಾಗ ದೇವರನ್ನು ಮಾರುತ್ತಿದ್ದರು, ಅಂಜಿಕೆಯಾದಾಗ ಹೂಳುತ್ತಿದ್ದರು. ಹೂಳಿದವರಲ್ಲಿ ಎಷ್ಟು ಜನ ಮರಳಿ ಬಂದು ಅಗೆದರು? ಶರಣರ ಬೋಧೆಯಿಂದ ಇಷ್ಟಲಿಂಗವು ಅಂಗೈಗೆ ಬಂದ ಮೇಲೆ ಪಲ್ಲಕ್ಕಿಯ ಮೂರ್ತಿಗಳಿಗೆ ಬೇಡಿಕೆಯು ಕುಗ್ಗಿರಲೂಬಹುದು. ಹಾಗೆಂದು ಎರಕವು ನಿಂತಿತೆನ್ನಲಾಗದು. ಮೇಲೆ ಹೇಳಿದ ವೀರಭದ್ರನ ಹಲಗೆಗಳನ್ನು ಮಾಡಿಸಿ ಪೂಜಿಸಿದವರಲ್ಲಿ ವೀರಶೈವರೇ ಬಹುಮಂದಿ. ಬಹಮನಿಯ ಅರಸರ ಬೀದರದಲ್ಲಿ ಸತುವು ತಾಮ್ರಗಳ ಮಿಶ್ರಲೋಹವನ್ನು ಎರಕ ಹೊಯ್ದು ಬೆಳ್ಳಿಯನ್ನು ಕೂಡಿಸುವ ಬಿದರಿಯ ಕೆಲಸವು ಏಳಿಗೆಗೆ ಬಂದುದನ್ನೂ ಇಲ್ಲಿ ನೆನೆಯಬಹುದು. ಮೂರ್ತಿಗಳು ಕಡಿಮೆಯಾದ ನಾಡಿನಲ್ಲಿ ಲೋಹದ ಜಾಣ್ಮೆಯು ಹುಕ್ಕಾದ ಬುರುಡೆ, ಹೂಜಿ, ತಟ್ಟೆಗಳಲ್ಲಿ ಬೆಳೆಯಿತು.

ಮೂರನೆಯ ಕಾರಣವು ಶಾಸ್ತ್ರವೇ. ಜೀರ್ಣೋದ್ಧಾರವನ್ನು ಹೇಳುವಾಗ ಅಗ್ನಿಪುರಾಣವು ಜೀರ್ಣವಾದ ಮರದ ಮೂರ್ತಿಯನ್ನು ಬೆ೦ಕಿಗೂ, ಕಲ್ಲಿನದನ್ನು ನೀರಿಗೂ, ಲೋಹದ್ದನ್ನೂ ರತ್ನದ್ದನ್ನೂ ಆಳವಾದ ಮಡುವಿಗೆ ಅಥವಾ ಸಮುದ್ರಕ್ಕೂ ಹಾಕಬೇಕೆಂದು ವಿಧಿಸುತ್ತದೆ. ಅಂಗಹೀನವಾದ ಮೂರ್ತಿಯನ್ನು ಉಳಿಸಿಕೊಳ್ಳುವುದು ಭಕ್ತಿಯ ಲಕ್ಷಣವಲ್ಲ, ಬೀಳ್ಕೊಡುವುದೇ ಲಕ್ಷಣ. ಪ್ರಾಣಪ್ರತಿಷ್ಠೆಯಿಂದ ಬಂದವನನ್ನು ವಿಧಿಪೂರ್ವಕವಾಗಿ ಕಳುಹಿಸಿದ ಮೇಲೆ ಉಳಿದುದು ಲೋಹ ಮಾತ್ರ. ಈ ದೃಷ್ಟಿಯನ್ನು ಮೂಢತೆಯೆಂದು ಹಳಿಯುವುದು ಸರಿಯಲ್ಲ. ಮೂರ್ತಿಯು ಪ್ರದರ್ಶನಕ್ಕಾಗಿ ಹುಟ್ಟಿದುದಲ್ಲ, ಪೂಜೆಗಾಗಿ. ಪೂಜೆಯೇ ಅದನ್ನು ಸವೆಸುತ್ತದೆ. ಹುಣಸೆಹಣ್ಣು ಬೂದಿಗಳಿಂದ ತಿಕ್ಕಿ ತಿಕ್ಕಿ ಮೂಗು ಕಣ್ಣುಗಳು ನುಣ್ಣಗಾದ ಮನೆದೇವರು ಎಷ್ಟು ತಲೆಮಾರು ಮಿಂದಿತೆಂಬುದಕ್ಕೆ ಆ ನುಣುಪೇ ಲೆಕ್ಕ.

ಆದರೆ ಇಂದು ನಡೆಯುವುದು ಜೀರ್ಣೋದ್ಧಾರವೂ ಅಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಜಗಲಿಯ ದೇವರುಗಳೂ ಪಾಲಾಗುತ್ತವೆ. ಪಾಲಿಗೆ ಬಂದ ದೇವರು ಪಟ್ಟಣದ ಬಾಡಿಗೆಮನೆಯ ಗೂಡಿನಲ್ಲಿ ಹಿಡಿಸದೆ ಹೋಗುತ್ತದೆ. ಮುಖವಳಿದ ಹಳೆಯದನ್ನು ಅಂಗಡಿಯ ತಕ್ಕಡಿಯಲ್ಲಿಟ್ಟು ಹೊಳೆಯುವ ಹೊಸದನ್ನು ತರುವುದು ಸುಲಭ. ತಕ್ಕಡಿಗೆ ಕೇಶವನೂ ನಾರಾಯಣನೂ ಒಂದೇ. ಮಂತ್ರವಿಲ್ಲದೆ, ಮಡುವಿಲ್ಲದೆ, ಸೋಮೇಶ್ವರನು ಹೇಳಿದ ಆ ಮೇಣದ ರೂಪವು ಮೂಸೆಯಲ್ಲಿ ಎರಡನೆಯ ಸಲ ಕರಗುತ್ತದೆ. ಈ ಸಲ ಮಾತ್ರ ಅದನ್ನು ಹಿಡಿದಿಡುವ ಮಣ್ಣು ಇಲ್ಲ.

ಕಲ್ಲಿಗೂ ಲೋಹಕ್ಕೂ ಇರುವ ಭೇದವನ್ನು ಚಿತ್ತಾಪುರ ತಾಲೂಕಿನ ಸನ್ನತಿಯು ಚೆನ್ನಾಗಿ ತೋರಿಸುತ್ತದೆ. ಭೀಮಾತೀರದ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಕಾದೇವಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಮಾಳಿಗೆಯು ಕುಸಿಯಿತು. ದೇವಿಯ ಮೂರ್ತಿಯನ್ನು ಸರಿಪಡಿಸುವಾಗ ಅದರ ಪೀಠವಾಗಿದ್ದ ಕಲ್ಲು ಅಶೋಕನ ಧರ್ಮಶಾಸನವೆಂದು ತಿಳಿದುಬಂದಿತು. ಮೂರ್ತಿಯ ಬುಡವನ್ನು ನಾಟುವುದಕ್ಕಾಗಿ ಯಾರೋ ಅಕ್ಷರಗಳ ನಡುವೆಯೇ ಕುಳಿ ಕೊರೆದಿದ್ದರು. ಕೆಲವು ಸಾಲುಗಳು ಹಾಳಾದುವು. ಉಳಿದವುಗಳನ್ನು ವಿದ್ವಾಂಸರು ಓದಿದರು. ಒಂದು ಧರ್ಮದ ಬರಹವು ಇನ್ನೊಂದರ ಪೀಠವಾಗಿ, ಎರಡು ಸಾವಿರ ವರ್ಷಗಳಿಗೂ ಮೀರಿ ಬಾಳಿ, ಮತ್ತೆ ಮಾತಾಡಿತು. ಕಲ್ಲನ್ನು ಎಷ್ಟು ದುರುಪಯೋಗಪಡಿಸಿದರೂ ಅದು ತನ್ನ ಮೊದಲಿನ ಕಥೆಯನ್ನು ಸ್ವಲ್ಪವಾದರೂ ಇಟ್ಟುಕೊಂಡಿರುತ್ತದೆ. ಲೋಹಕ್ಕೆ ಆ ನೆನಪಿಲ್ಲ. ಇಂದಿನ ಹಿತ್ತಾಳೆಯ ಕೊಡದಲ್ಲಿ ಚಾಳುಕ್ಯರ ಕಾಲದ ವಿಷ್ಣುವಿದ್ದರೂ ಅದನ್ನು ಬಲ್ಲವರಾರೂ ಇಲ್ಲ.

ಆದುದರಿಂದ ಮಾಡಬೇಕಾದುದು ದೊಡ್ಡ ಕೆಲಸವೇನಲ್ಲ. ನಾಗಾವಿಯ ಕಲ್ಲುಗಳನ್ನು 1928ರಲ್ಲಿ ಹೈದರಾಬಾದಿನ ಪುರಾತತ್ತ್ವ ಇಲಾಖೆಯವರು ಅಚ್ಚು ಹಾಕಿಸಿದುದರಿಂದಲೇ ಘಟಿಕಾಸ್ಥಾನದ ವಿದ್ಯಾರ್ಥಿಗಳ ಸಂಖ್ಯೆಯು ಲೋಕಕ್ಕೆ ತಿಳಿಯಿತು. ಜಗಲಿಯ ಮೂರ್ತಿಗಳಿಗೆ ಅಷ್ಟು ವೆಚ್ಚವೂ ಬೇಡ. ಮನೆಯ ಓದುಬಲ್ಲ ಮಗನೋ ಮಗಳೋ ಒಂದು ಹಾಳೆಯಲ್ಲಿ ಮೂರ್ತಿಯ ಎತ್ತರ, ತೂಕ, ಕೈಗಳಲ್ಲಿ ಆಯುಧಗಳಿರುವ ಕ್ರಮ, ವಾಹನ, ಬೆನ್ನಿನ ಕೆಲಸ, ಪೀಠದ ಬಳೆಗಳು ಇವನ್ನು ಬರೆದಿಡಬಹುದು. ಪೀಠವನ್ನು ಮಗುಚಿ ಕೆಳಮೈಯನ್ನೂ ನೋಡಬೇಕು. ಮಾಡಿಸಿದವರ ಹೆಸರಿದ್ದರೆ ಅಲ್ಲಿ ಇರುವ ಸಂಭವವುಂಟು. ಹಿರಿಯರು ಆ ದೇವರನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು, ಯಾವ ಊರಿನಿಂದ ತಂದರು ಎಂಬುದನ್ನು ಅವರಿರುವಾಗಲೇ ಕೇಳಬೇಕು. ಮೇಣವನ್ನು ಮೆತ್ತಿ ಎರಕ ಹೊಯ್ಯುವ ಶಿಲ್ಪಿಗಳು ನಾಗಮಂಗಲದಂತಹ ಊರುಗಳಲ್ಲಿ ಇಂದಿಗೂ ಇರುವರು. ಜೀರ್ಣವಾದುದನ್ನು ಬೀಳ್ಕೊಡಲೇಬೇಕಾದರೂ ಈ ಹಾಳೆಯಿದ್ದರೆ ಅದೇ ಲಕ್ಷಣದ ಮೂರ್ತಿಯನ್ನು ಅವರು ಮಾಡಿಕೊಡಬಲ್ಲರು.

ಮಳಖೇಡದ ಕೋಟೆಯು ಇಂದು ಮುರಿದ ಗೋಡೆಗಳ ಸಾಲು. ಅಮೋಘವರ್ಷನ ಅರಮನೆಯ ಗುರುತಿಲ್ಲ. ಆದರೆ ಅದೇ ಊರಿನ ನೇಮಿನಾಥ ಬಸದಿಯಲ್ಲಿ ಪಂಚಲೋಹದ ಪುಟ್ಟ ದೇಗುಲವೊಂದು ಪೂಜೆಗೊಳ್ಳುತ್ತಿದೆ. ಅದರ ಮೈಮೇಲೆ 96 ಬಿಂಬಗಳಿವೆ. ನಾಲ್ಕು ಇಪ್ಪತ್ತನಾಲ್ಕುಗಳು ತೊಂಬತ್ತಾರಾದುದರಿಂದ ಚತುರ್ವಿಂಶತಿ ತೀರ್ಥಂಕರರ ಗಣನೆಯು ಇದರ ಹಿಂದಿದೆಯೆಂದು ಊಹಿಸಬಹುದು. ಸೂರೆಯಾದ ರಾಜಧಾನಿಯ ನೆಲದಲ್ಲಿ ಇದು ಹೇಗೆ ಉಳಿಯಿತೆಂಬುದು ಬೇರೆ ವಿಚಾರ. ಬಿಂಬಗಳನ್ನು ಒಂದೊಂದಾಗಿ ಎಣಿಸಿ ಬರೆದಿಟ್ಟವರು ಇದ್ದುದರಿಂದ ಅವುಗಳಲ್ಲಿ ಒಂದು ಕಳೆದುಹೋದರೂ ನಾಳೆ ಬಂದವರಿಗೆ ಅದು ಗೊತ್ತಾಗುವುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳ ಜಗಲಿಯ ಮೇಲಿರುವ ಮೂರ್ತಿಗಳು ಎಷ್ಟೆಂಬುದನ್ನು ಎಣಿಸುವ ಕೆಲಸವು ಇನ್ನೂ ಮೊದಲಾಗಬೇಕಾಗಿದೆ.